ಬೆಂಚಿನ ಮೇಲೆ ಕುಳಿತ ಅಪ್ಪ: ವಾಲ್ಟ್ ಡಿಸ್ನಿ ಕಟ್ಟಿದ ಉದ್ಯಾನದ ಕಥೆ

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಊರಿನಿಂದ ಬಂದ ತಂದೆ ತಾಯಂದಿರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ನಯಾಗರ ಜಲಪಾತ ಮತ್ತು ವಾಷಿಂಗ್ಟನ್ನಿನ ಜೊತೆಗೆ, ಪೂರ್ವ ಕರಾವಳಿಯವರ ಪಟ್ಟಿಯಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ, ಪಶ್ಚಿಮದವರ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್ ಇದ್ದೇ ಇರುತ್ತವೆ. 2004ರ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಒರ್ಲ್ಯಾಂಡೊದಲ್ಲಿಯೇ. ಅಜ್ಜ, ಮಗ, ಮೊಮ್ಮಗಳು ಒಂದೇ ದೋಣಿಯಲ್ಲಿ ಕುಳಿತು ಒಟ್ಟಿಗೆ ನಗುವ ಇಂಥದೊಂದು ಸ್ಥಳ ಇರಬಹುದೆಂದು ಊಹಿಸಿ, ಅದಕ್ಕಾಗಿ ತನ್ನ ಜೀವವಿಮೆಯನ್ನೂ ಒತ್ತೆಯಿಟ್ಟವರು ವಾಲ್ಟ್ ಡಿಸ್ನಿ. ಅವರ ಮಿಕ್ಕಿ ಇಲಿಯನ್ನು ಬಲ್ಲಷ್ಟು ನಾವು ಆ ಮನುಷ್ಯನನ್ನು ಬಲ್ಲೆವೆನ್ನುವಂತಿಲ್ಲ.

ವಾಲ್ಟರ್ ಇಲಿಯಾಸ್ ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಶಿಕಾಗೊ ನಗರದಲ್ಲಿ. ತಂದೆ ಇಲಿಯಾಸ್ ಬಡಗಿ. 1893ರಲ್ಲಿ ಶಿಕಾಗೊದಲ್ಲಿ ನಡೆದ ಜಾಗತಿಕ ಮೇಳದ ಕಟ್ಟಡಗಳಿಗೆ ಆತ ಕೂಲಿ ಮಾಡಿದ್ದುಂಟು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದೇ ಮೇಳದ ಸಂದರ್ಭದಲ್ಲಿ ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಇಲಿಯಾಸ್ ಕಠಿಣ ಸ್ವಭಾವದ ಮನುಷ್ಯ. ದುಡಿಮೆಯನ್ನು ಬಲ್ಲ, ಆಟವನ್ನು ಅರಿಯ. ಕೈಹಾಕಿದ ವ್ಯವಹಾರಗಳಲ್ಲಿ ಒಂದೂ ಕೈಹಿಡಿಯದೆ ಊರಿಂದೂರಿಗೆ ಸಂಸಾರವನ್ನು ಹೊತ್ತು ತಿರುಗಿದ.

1906ರಲ್ಲಿ ಈ ಕುಟುಂಬ ಮಿಸ್ಸೌರಿ ಸಂಸ್ಥಾನದ ಮಾರ್ಸಲೀನ್ ಎಂಬ ಸಣ್ಣ ಊರಿಗೆ ಬಂದು ಒಕ್ಕಲುತನ ಹಿಡಿಯಿತು. ಸೇಬಿನ ಮರಗಳು, ಹಂದಿ ಕೋಳಿಗಳು, ಊರ ಮಧ್ಯದಲ್ಲಿ ಹಾದುಹೋಗುವ ಸಾಂತಾ ಫೆ ರೈಲುಮಾರ್ಗ, ಅದರಲ್ಲಿ ಎಂಜಿನ್ ಓಡಿಸುತ್ತಿದ್ದ ಚಿಕ್ಕಪ್ಪ. ಬಾಲಕ ವಾಲ್ಟ್‌ಗೆ ಅಲ್ಲಿ ದಕ್ಕಿದ್ದು ನಾಲ್ಕೈದು ವರ್ಷಗಳಷ್ಟೇ; ಆದರೆ ಬದುಕಿನುದ್ದಕ್ಕೂ ಆತ ಹಿಂದಿರುಗಿ ನೋಡಿದ್ದು ಆ ಊರಿನ ಕಡೆಗೇ. ತಂದೆಯ ಆರೋಗ್ಯ ಕೆಟ್ಟು ಹೊಲ ಮಾರಾಟವಾಯಿತು. 1911ರಲ್ಲಿ ಸಂಸಾರ ಕ್ಯಾನ್ಸಸ್ ಸಿಟಿಗೆ ಹೊರಟಿತು.

ಅಲ್ಲಿಂದ ಮುಂದಿನದು ಬಾಲ್ಯವೆಂದು ಕರೆಯಲಾಗದ ಬಾಲ್ಯ. ಇಲಿಯಾಸ್ ದಿನಪತ್ರಿಕೆ ಹಂಚುವ ಗುತ್ತಿಗೆ ಹಿಡಿದ. ಹಂಚುವವರು ಮಕ್ಕಳು. ಮುಂಜಾನೆ ಮೂರೂವರೆಗೆ ಎದ್ದು, ಹಿಮ ಬಿದ್ದ ದಿನವೂ ಮೊಣಕಾಲುದ್ದದ ಮಂಜನ್ನು ತುಳಿದು, ಮನೆಮನೆಯ ಬಾಗಿಲಿಗೆ ಪತ್ರಿಕೆ ಇಟ್ಟು, ಆಮೇಲೆ ಶಾಲೆಗೆ. ಸಂಜೆ ಮತ್ತೆ ಪತ್ರಿಕೆ. ಆರು ವರ್ಷ ಇದೇ ಪಾಡು. ಸಂಬಳವೆಂದು ತಂದೆ ಬಿಡಿಗಾಸು ಕೊಡಲಿಲ್ಲ. ಐವತ್ತು ದಾಟಿದ ಮೇಲೂ, ಜಗತ್ತೇ ಹೆಸರಿಸುವ ಶ್ರೀಮಂತನಾದ ಮೇಲೂ, ಒಂದು ಮನೆಗೆ ಪತ್ರಿಕೆ ಹಾಕಲು ಮರೆತೆನೆಂದು ಕನಸು ಕಂಡು ಡಿಸ್ನಿ ಬೆಚ್ಚಿ ಏಳುತ್ತಿದ್ದರಂತೆ.

ಮನೆಯಿಂದ ಕೆಲವೇ ಬೀದಿಗಳಾಚೆ ಇಲೆಕ್ಟ್ರಿಕ್ ಪಾರ್ಕ್ ಎಂಬ ವಿನೋದೋದ್ಯಾನವಿತ್ತು. ಸಂಜೆಯಾದರೆ ಸಾವಿರಾರು ವಿದ್ಯುದ್ದೀಪಗಳು, ವಾದ್ಯಮೇಳ, ಬಾಣಬಿರುಸು. ಟಿಕೆಟ್ಟಿಗೆ ಕಾಸಿಲ್ಲದ ವಾಲ್ಟ್ ಮತ್ತು ತಂಗಿ ರೂತ್ ಬೇಲಿಯ ಸಂದಿನಿಂದ ಇಣುಕಿ ನೋಡುತ್ತಿದ್ದರು. ಆ ಉದ್ಯಾನ 1925ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೇಲಿಯ ಹೊರಗೆ ನಿಂತ ಹುಡುಗ ಮಾತ್ರ ಅಲ್ಲಿಯೇ ನಿಂತಿದ್ದ ಎಂದು ಡಿಸ್ನಿಯವರ ಮುಂದಿನ ಬದುಕನ್ನು ಓದಿದವರಿಗೆ ಅನ್ನಿಸದಿರದು.

ಚಿತ್ರರಂಗದ ಕಥೆ ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೇಗನೆ ದಾಟೋಣ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿನಲ್ಲಿ ವಯಸ್ಸು ಮರೆಮಾಚಿ ರೆಡ್‌ಕ್ರಾಸ್ ಸೇರಿದ ತರುಣ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದ. ಮರಳಿ ಬಂದು ಕ್ಯಾನ್ಸಸ್ ಸಿಟಿಯಲ್ಲಿ ವ್ಯಂಗ್ಯಚಿತ್ರಗಳ ಕಂಪನಿ ಕಟ್ಟಿದ. 1923ರಲ್ಲಿ ಅದು ದಿವಾಳಿಯಾಯಿತು. ಅದೇ ವರ್ಷ ಹಾಲಿವುಡ್‌ಗೆ ಹೋಗಿ, ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಅಣ್ಣ ರಾಯ್ ಅವರನ್ನು ಜೊತೆಗೂಡಿಸಿಕೊಂಡು ಅಕ್ಟೋಬರ್ 16ರಂದು ಡಿಸ್ನಿ ಸೋದರರ ಸಂಸ್ಥೆ ಆರಂಭಿಸಿದ. ತಮ್ಮನದು ಕನಸು, ಅಣ್ಣನದು ಲೆಕ್ಕ. ಈ ಜೋಡಿ ಮುರಿದದ್ದು ಸಾವಿನಿಂದಲೇ.

1928ರಲ್ಲಿ, ತಾವೇ ರೂಪಿಸಿದ ಓಸ್ವಾಲ್ಡ್ ಎಂಬ ಮೊಲದ ಪಾತ್ರದ ಹಕ್ಕು ವಿತರಕನ ಪಾಲಾಗಿ, ಬಹುಮಂದಿ ಕಲಾವಿದರೂ ಆತನ ಹಿಂದೆ ಹೋದಾಗ ಹುಟ್ಟಿದ್ದು ಮಿಕ್ಕಿ. ಗೆಳೆಯ ಅಬ್ ಐವರ್ಕ್ಸ್ ಅದರ ರೇಖೆಗಳನ್ನು ಬರೆದರು, ಡಿಸ್ನಿ ತಮ್ಮ ದನಿಯನ್ನೇ ಕೊಟ್ಟರು. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ಸ್ಟೀಮ್‌ಬೋಟ್ ವಿಲ್ಲಿ ಅವರ ದೆಸೆ ತಿರುಗಿಸಿತು. 1937ರ ಸ್ನೋ ವೈಟ್ ಲೋಕವನ್ನು ಗೆದ್ದಿತು. ಆ ಗೆಲುವಿನ ಹಣದಿಂದ ಸೋದರರು ಹೆತ್ತವರಿಗೊಂದು ಹೊಸ ಮನೆ ಕೊಡಿಸಿದರು. ಆ ಮನೆಯ ಕುಲುಮೆಯಿಂದ ಸೋರಿದ ವಿಷಾನಿಲಕ್ಕೆ 1938ರ ನವೆಂಬರಿನಲ್ಲಿ ತಾಯಿ ಫ್ಲೋರಾ ಬಲಿಯಾದರು. ಈ ವಿಷಯವನ್ನು ಡಿಸ್ನಿ ಮತ್ತೆ ಯಾರೊಂದಿಗೂ ಮಾತನಾಡಬಯಸಲಿಲ್ಲವೆಂದು ಮನೆಯವರು ನೆನೆದಿದ್ದಾರೆ.

1941ರಲ್ಲಿ ಅವರದೇ ಸ್ಟುಡಿಯೋದ ಕಲಾವಿದರು ವೇತನದ ತಾರತಮ್ಯಕ್ಕೂ ಸಂಘದ ಮಾನ್ಯತೆಗೂ ಮುಷ್ಕರ ಹೂಡಿದರು. ಅದನ್ನು ಡಿಸ್ನಿ ಸ್ವಂತ ದ್ರೋಹವೆಂದೇ ಭಾವಿಸಿದರು. 1947ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ನಿಂತು, ಆ ಮುಷ್ಕರದ ಹಿಂದೆ ಕಮ್ಯುನಿಸ್ಟರಿದ್ದರೆಂದು ಕೆಲವರ ಹೆಸರು ಹೇಳಿದರು. ಮಕ್ಕಳ ಮೆಚ್ಚಿನ ಕಲಾವಿದನ ಚರಿತ್ರೆಯಲ್ಲಿ ಈ ಪುಟವನ್ನು ಹರಿದುಹಾಕುವುದು ಸಲ್ಲದು. ಕೆಳಗಿನವರು ಕೂಲಿ ಕೇಳಿದಾಗ ಇಲಿಯಾಸನ ಮಗ ಇಲಿಯಾಸನಂತೆಯೇ ನಡೆದುಕೊಂಡ. ಯುದ್ಧದ ವರ್ಷಗಳು, ಸಾಲ, ಮುಷ್ಕರದ ಕಹಿ ಎಲ್ಲವೂ ಸೇರಿ ವ್ಯಂಗ್ಯಚಿತ್ರಗಳ ಮೇಲಿನ ಅವರ ಮೊದಲಿನ ಉತ್ಸಾಹವನ್ನು ಕುಗ್ಗಿಸಿದವು.

ಮನೆಯಲ್ಲಿ ಮಾತ್ರ ಅವರು ಇಲಿಯಾಸ್ ಆಗಲಿಲ್ಲ. 1925ರಲ್ಲಿ ಮದುವೆಯಾದ ಲಿಲಿಯನ್, 1933ರಲ್ಲಿ ಹುಟ್ಟಿದ ಡಯೇನ್, ದತ್ತುಪುತ್ರಿ ಶರಾನ್. ವಾರಾಂತ್ಯದ ದಿನವನ್ನು ತಂದೆ ಇಬ್ಬರು ಹೆಣ್ಣುಮಕ್ಕಳಿಗಾಗಿಯೇ ಮೀಸಲಿಟ್ಟಿದ್ದರು. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಮರದ ಕುದುರೆಗಳ ತಿರುಗಣಿಯೊಂದಿದೆ. ಮಕ್ಕಳು ಕುದುರೆಯೇರಿ ಸುತ್ತುತ್ತಿದ್ದರೆ ತಂದೆ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರು. ಸುತ್ತಲೂ ಅವರಂತೆಯೇ ಸುಮ್ಮನೆ ಕುಳಿತ ಬೇರೆ ತಂದೆ ತಾಯಂದಿರು. ಮಕ್ಕಳಿಗೆ ಮಾತ್ರ ಆಟ, ದೊಡ್ಡವರಿಗೆ ಬರೀ ಕಾವಲು. ಇಬ್ಬರೂ ಕೂಡಿ ಆನಂದಿಸುವ ಸ್ಥಳವೊಂದನ್ನು ಯಾರೂ ಏಕೆ ಕಟ್ಟಿಲ್ಲವೆಂಬ ಪ್ರಶ್ನೆ ಅವರಿಗೆ ಹುಟ್ಟಿದ್ದು ಆ ಬೆಂಚಿನ ಮೇಲೆ.

ಅಂದಿನ ಅಮೆರಿಕದ ವಿನೋದೋದ್ಯಾನಗಳಿಗೆ ಒಳ್ಳೆಯ ಹೆಸರಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕಸ, ಕುಡಿತ, ಒರಟು ಸಿಬ್ಬಂದಿ, ಮೋಸದ ಆಟಗಳು. ಗಂಡನ ಬಾಯಲ್ಲಿ ಉದ್ಯಾನದ ಮಾತು ಕೇಳಿದಾಗ ಲಿಲಿಯನ್ ಹೌಹಾರಿದ್ದು ಸಹಜವೇ ಆಗಿತ್ತು.

1948ರಲ್ಲಿ ಡಿಸ್ನಿ ತಮ್ಮ ಕಲಾವಿದ ವಾರ್ಡ್ ಕಿಂಬಾಲ್ ಜೊತೆ ಶಿಕಾಗೊದ ರೈಲು ಮೇಳಕ್ಕೆ ಹೋದರು. ಹಳೆಯ ಉಗಿಯಂತ್ರಗಳನ್ನು ಮನದಣಿಯೆ ನೋಡಿ, ಹೆನ್ರಿ ಫೋರ್ಡ್ ಕಟ್ಟಿಸಿದ್ದ ಗ್ರೀನ್‌ಫೀಲ್ಡ್ ಎಂಬ ಹಳೆಗಾಲದ ಗ್ರಾಮವನ್ನೂ ಕಂಡು ಬಂದರು. ಆಗಸ್ಟ್ 31ರಂದು ಸ್ಟುಡಿಯೋದ ಪಕ್ಕದ ತುಂಡು ನೆಲದಲ್ಲಿ ಮಿಕ್ಕಿ ಹೆಸರಿನ ಪುಟ್ಟ ಉದ್ಯಾನದ ಟಿಪ್ಪಣಿ ಬರೆದರು. ಅಷ್ಟರಲ್ಲಿ ರೈಲಿನ ಹುಚ್ಚು ಮನೆಯಂಗಳಕ್ಕೂ ಹಬ್ಬಿತು. ಹೋಂಬಿ ಹಿಲ್ಸ್‌ನ ಹೊಸ ಮನೆಯ ಸುತ್ತ ಸುಮಾರು ಅರ್ಧ ಮೈಲಿ ಹಳಿ ಹಾಸಿ, ನಿಜದ ಎಂಟನೆಯ ಒಂದು ಪಾಲಿನ ಉಗಿ ರೈಲು ಓಡಿಸಿದರು. ಎಂಜಿನ್ನಿಗೆ ಹೆಂಡತಿಯ ಹೆಸರನ್ನೇ ಕೊಟ್ಟು ಲಿಲ್ಲಿ ಬೆಲ್ ಎಂದರು. ಆಕೆಯ ಹೂದೋಟ ಕೆಡದಿರಲೆಂದು ಅದರಡಿ ಸುರಂಗ ಕೊರೆಸಿದರು. ಐವತ್ತರ ಹೊಸ್ತಿಲಿನ ಗೃಹಸ್ಥ ಡ್ರೈವರನ ಟೋಪಿ ಧರಿಸಿ ಅತಿಥಿಗಳನ್ನು ಪೆಟ್ಟಿಗೆಗಳ ಮೇಲೆ ಕೂರಿಸಿಕೊಂಡು ತೋಟ ಸುತ್ತುವ ದೃಶ್ಯವನ್ನು ಓದುಗರು ಊಹಿಸಿಕೊಳ್ಳಬಹುದು.

1951ರಲ್ಲಿ ಕೋಪನ್‌ಹೇಗನ್ನಿನ ತಿವೊಲಿ ಉದ್ಯಾನವನ್ನು ಕಂಡದ್ದು ಮತ್ತೊಂದು ಮೆಟ್ಟಿಲು. ಅಲ್ಲಿ ಹೂವಿತ್ತು, ದೀಪವಿತ್ತು, ಶುಚಿಯಿತ್ತು, ಮರ್ಯಾದೆಯಿತ್ತು. ಉದ್ಯಾನವೆಂದರೆ ಕೊಳಕಾಗಲೇಬೇಕಿಲ್ಲವೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಆದರೆ ಹಣ? ರಾಯ್ ಹಿಂಜರಿದರು, ಬ್ಯಾಂಕುಗಳು ಮುಖ ತಿರುಗಿಸಿದವು. ಸ್ಟುಡಿಯೋ ಇದ್ದ ಬರ್ಬ್ಯಾಂಕ್ ಊರಿನ ಆಡಳಿತ ತನ್ನಲ್ಲಿ ಜಾತ್ರೆ ಬೇಡವೆಂದಿತು. ಡಿಸ್ನಿ ಜೀವವಿಮೆಯ ಮೇಲೆ ಸಾಲ ಎತ್ತಿದರು. ಪಾಮ್ ಸ್ಪ್ರಿಂಗ್ಸ್‌ನಲ್ಲಿದ್ದ ವಿಶ್ರಾಂತಿಗೃಹ ಮಾರಿದರು. ಜಾಗ ಹುಡುಕುವ ಕೆಲಸವನ್ನು 1953ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಹ್ಯಾರಿಸನ್ ಪ್ರೈಸ್ ಎಂಬ ಲೆಕ್ಕಾಚಾರದ ಪ್ರವೀಣನಿಗೆ ವಹಿಸಲಾಯಿತು. ಜನವಸತಿ ಯಾವ ದಿಕ್ಕಿಗೆ ಹರಡುತ್ತಿದೆ, ಮಳೆ ಎಲ್ಲಿ ಕಡಿಮೆ, ಹೊಸ ಹೆದ್ದಾರಿ ಎಲ್ಲಿ ಹಾಯಲಿದೆ ಎಂದೆಲ್ಲ ಕೂಡಿ ಕಳೆದು ಆತ ಬೆರಳಿಟ್ಟದ್ದು ಅನಹೈಮ್ ಎಂಬ ಊರಿನ 160 ಎಕರೆ ಕಿತ್ತಳೆ ತೋಪಿನ ಮೇಲೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಿಸ್ನಿ ಎದುರಿಗೆ ಕುಳಿತು ಬಣ್ಣಿಸುತ್ತಿದ್ದಂತೆ, ಹರ್ಬ್ ರೈಮನ್ ಎಂಬ ಚಿತ್ರಕಾರ ಎರಡೇ ದಿನಗಳಲ್ಲಿ ಇಡೀ ಉದ್ಯಾನದ ನಕ್ಷೆ ಬರೆದರು. ಅದನ್ನು ಹಿಡಿದು ರಾಯ್ ನ್ಯೂಯಾರ್ಕಿಗೆ ಹೊರಟರು.

ಕೊನೆಗೆ ಕೈಹಿಡಿದದ್ದು, ಇತರ ಚಿತ್ರೋದ್ಯಮಿಗಳು ಶತ್ರುವೆಂದೇ ಕಾಣುತ್ತಿದ್ದ ಟೆಲಿವಿಷನ್. ಎಬಿಸಿ ವಾಹಿನಿ ಐದು ಲಕ್ಷ ಡಾಲರ್ ಹೂಡಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಪ್ರತಿಯಾಗಿ ಉದ್ಯಾನದಲ್ಲಿ ಮೂರನೆಯ ಒಂದರಷ್ಟು ಪಾಲು ಮತ್ತು ವಾರಕ್ಕೊಂದು ಕಾರ್ಯಕ್ರಮ. 1954ರ ಅಕ್ಟೋಬರ್ 27ರಿಂದ ಡಿಸ್ನಿಲ್ಯಾಂಡ್ ಎಂಬ ಹೆಸರಿನಲ್ಲಿಯೇ ಆ ಕಾರ್ಯಕ್ರಮ ಪ್ರಸಾರವಾಯಿತು. ಕಟ್ಟಡ ಏಳುವ ಮೊದಲೇ ನಾಡಿನ ಮಕ್ಕಳೆಲ್ಲರಿಗೂ ಅದರ ಹೆಸರು ಬಾಯಿಪಾಠ! ಇಂಥ ಪ್ರಚಾರವನ್ನು ಅದುವರೆಗೆ ಯಾವ ವ್ಯಾಪಾರಿಯೂ ಕಂಡಿರಲಿಲ್ಲ.

ಕೆಲಸ ಆರಂಭವಾದದ್ದು 1954ರ ಜುಲೈನಲ್ಲಿ. ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಒಂದೇ ವರ್ಷ, ಒಂದು ಕೋಟಿ 70 ಲಕ್ಷ ಡಾಲರ್. ಆ ಮೊದಲ ದಿನ ಮಾತ್ರ ದುಃಸ್ವಪ್ನ. ಆಹ್ವಾನಿತರಲ್ಲದ ಎಷ್ಟೋ ಜನ ಖೋಟಾ ಟಿಕೆಟ್ ಹಿಡಿದು ನುಗ್ಗಿದರು. ಒಟ್ಟು 28 ಸಾವಿರ ಮಂದಿ. ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಹಿಂದಿನ ರಾತ್ರಿಯಷ್ಟೇ ಹಾಸಿದ ಡಾಂಬರು ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಗಳು ಹೂತುಹೋದವು. ನಲ್ಲಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರು, ಶೌಚಾಲಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದು ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡಿದ್ದರು. ತಂಪುಪಾನೀಯ ಮಾರುವ ಹುನ್ನಾರವಿದೆಂದು ಪತ್ರಕರ್ತರು ಗೊಣಗಿದರು. ಅನಿಲ ಸೋರಿ ಉದ್ಯಾನದ ಒಂದು ಭಾಗವನ್ನು ಮುಚ್ಚಬೇಕಾಯಿತು. ಹೂಗಿಡಗಳಿಗೆ ಹಣ ಸಾಲದೆ ಕಳೆಗಿಡಗಳಿಗೇ ಲ್ಯಾಟಿನ್ ಹೆಸರಿನ ಫಲಕ ನೆಡಲಾಯಿತೆಂಬ ತಮಾಷೆಯ ಕಥೆಯೂ ಉಂಟು. ಇವೆಲ್ಲದರ ನಡುವೆ ನೇರಪ್ರಸಾರ ನಡೆದೇ ಇತ್ತು. ಅದನ್ನು ನಿರೂಪಿಸಿದ ಮೂವರಲ್ಲಿ ಒಬ್ಬರು, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್.

ಮರುದಿನ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಐವತ್ತು ಸೆಂಟ್. ಒಳಗಿನ ಆಟಗಳಿಗೆ ಬೇರೆ ಟಿಕೆಟ್. ಎರಡು ತಿಂಗಳು ತುಂಬುವ ಮೊದಲೇ ಹತ್ತು ಲಕ್ಷ ಜನ ಬಂದು ಹೋದರು. (ಇಂದು ಅದೇ ಉದ್ಯಾನದಲ್ಲಿ ಒಬ್ಬರ ಒಂದು ದಿನದ ಟಿಕೆಟ್ ನೂರು ಡಾಲರನ್ನು ಮೀರಿದೆ. ನಾಲ್ಕು ಜನರ ಸಂಸಾರವೊಂದು ವರ್ಷಪೂರ್ತಿ ಕೂಡಿಟ್ಟು ಹೊರಡಬೇಕಾದ ಸ್ಥಿತಿ. ಬೇಲಿಯ ಹೊರಗೆ ಇಣುಕುವ ಮಕ್ಕಳು ಇಂದಿಗೂ ಇದ್ದಾರೆ.)

ಅಲ್ಲಿ ಹೊಸತೇನಿತ್ತು? ಯಂತ್ರಗಳಲ್ಲ, ತಿರುಗಣಿ, ದೋಣಿ, ರೈಲು ಎಲ್ಲೆಡೆಯೂ ಇದ್ದವು. ಹೊಸತಿದ್ದುದು ಅವುಗಳನ್ನು ಕಥೆಯೊಂದಕ್ಕೆ ಒಗ್ಗಿಸಿದ ಬಗೆ. ಉದ್ಯಾನದ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಹೊರಗಿನ ಲೋಕ ಕಾಣದಂತೆ ಮಾಡಿದರು. ದಿಬ್ಬದ ಮೇಲೆ ರೈಲು ಓಡಿಸಿದರು. ಒಳಬರಲು ಒಂದೇ ಬಾಗಿಲು. ಹೊಕ್ಕೊಡನೆ ಎದುರಾಗುವ ಮುಖ್ಯಬೀದಿ ಮಾರ್ಸಲೀನಿನ ನೆನಪು. ಅಲ್ಲಿಯ ಕಟ್ಟಡಗಳ ಮೇಲಂತಸ್ತುಗಳು ಕೆಳಗಿನವಕ್ಕಿಂತ ಕಿರಿದು. ಹೀಗಾಗಿ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಬೀದಿಯ ತುದಿಯಲ್ಲಿ ನಿದ್ರಾಸುಂದರಿಯ ಕೋಟೆ. ಅದರ ಎತ್ತರ 77 ಅಡಿಗಳಷ್ಟೇ, ಆದರೂ ದೂರದಿಂದ ಮಹಾದುರ್ಗದಂತೆ ತೋರುತ್ತದೆ. ಇದು ಇಟ್ಟಿಗೆಯಲ್ಲಿ ಕಟ್ಟಿದ ಸಿನಿಮಾ. ಬಂದವರನ್ನು ಗಿರಾಕಿಗಳೆನ್ನದೆ ಅತಿಥಿಗಳೆನ್ನಬೇಕು, ಕೆಲಸಗಾರರು ಪಾತ್ರಧಾರಿಗಳು, ಕೆಲಸದ ಉಡುಪು ವೇಷಭೂಷಣ. ಜನ ಕೈಯಲ್ಲಿನ ಕಸವನ್ನು ಎಷ್ಟು ಹೆಜ್ಜೆಯವರೆಗೆ ಹಿಡಿದಿರುತ್ತಾರೆಂದು ಗಮನಿಸಿ ಅಷ್ಟಷ್ಟು ದೂರಕ್ಕೆ ಕಸದ ಡಬ್ಬಿ ಇಡಿಸಿದರು.

ಆ ಮುಖ್ಯಬೀದಿಯಲ್ಲಿ ಇಲ್ಲದ್ದನ್ನೂ ಹೇಳಬೇಕು. ಬೆಳಗಿನ ಜಾವ ಹಿಮದಲ್ಲಿ ಪತ್ರಿಕೆ ಹಂಚುವ ಹುಡುಗ ಅಲ್ಲಿಲ್ಲ. ಸಾಲಕ್ಕೆ ಹೊಲ ಮಾರುವ ರೈತನಿಲ್ಲ. ಗಡಿನಾಡಿನ ವಿಭಾಗದಲ್ಲಿ ಅಮೆರಿಕದ ಮೂಲನಿವಾಸಿಗಳು ಬಿಳಿಯರ ಕಥೆಯ ಅಲಂಕಾರ ಮಾತ್ರ. ಗುಡಿಸಿ ಒರೆಸಿದ ಚರಿತ್ರೆ ಅದು. ಡಿಸ್ನಿ ಬೇಕೆಂದೇ ಹಾಗೆ ಮಾಡಿದರೋ, ತಮ್ಮ ಬಾಲ್ಯವನ್ನು ಹಾಗೆಯೇ ನೆನೆಯಬಯಸಿದರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಎರಡನೆಯದೇ ಹೆಚ್ಚು ನಿಜವಿದ್ದೀತು.

ಉದ್ಯಾನ ತೆರೆದ ಮೇಲೂ ಡಿಸ್ನಿ ಅದನ್ನು ಬಿಟ್ಟಿರಲಿಲ್ಲ. ಮುಖ್ಯಬೀದಿಯ ಅಗ್ನಿಶಾಮಕ ಠಾಣೆಯ ಮೇಲೆ ಪುಟ್ಟ ಮನೆ ಮಾಡಿಕೊಂಡರು. ಅಲ್ಲಿಂದ ಇಳಿದು ಜನರ ನಡುವೆ ಓಡಾಡುವರು, ಸಾಲಿನಲ್ಲಿ ನಿಲ್ಲುವರು, ಆಟಗಳಲ್ಲಿ ಕೂರುವರು. ಏಳು ನಿಮಿಷದ ಕಾಡಿನ ದೋಣಿವಿಹಾರವನ್ನು ಚಾಲಕನೊಬ್ಬ ನಾಲ್ಕೂವರೆ ನಿಮಿಷದಲ್ಲಿ ಮುಗಿಸಿದಾಗ, ನೀರಾನೆಗಳೋ ಖಡ್ಗಮೃಗಗಳೋ ತಿಳಿಯದಷ್ಟು ವೇಗವಾಯಿತೆಂದು ಮೇಲ್ವಿಚಾರಕನನ್ನು ತರಾಟೆಗೆ ತೆಗೆದುಕೊಂಡರು. ಆ ಮೇಲ್ವಿಚಾರಕ ಗಡಿಯಾರ ಹಿಡಿದು ದಿನಗಟ್ಟಲೆ ಚಾಲಕರಿಗೆ ತಾಲೀಮು ನೀಡಿದ್ದು ಆ ಸಂಸ್ಥೆಯ ಪುರಾಣಗಳಲ್ಲಿ ಒಂದು.

1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಡಿಸ್ನಿಲ್ಯಾಂಡ್ ನೋಡಬೇಕೆಂದಾಗ ಭದ್ರತೆಯ ಕಾರಣಕ್ಕೆ ನಿರಾಕರಿಸಲಾಯಿತು. ಆತ ಮಗುವಿನಂತೆ ಕೋಪಿಸಿಕೊಂಡದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಎರಡು ವರ್ಷಗಳ ಬಳಿಕ, 1961ರ ನವೆಂಬರಿನಲ್ಲಿ, ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಮಗಳು ಇಂದಿರಾ ಜೊತೆ ಅಲ್ಲಿಗೆ ಭೇಟಿ ನೀಡಿದರು. ಸ್ವತಃ ಡಿಸ್ನಿ ಅವರೇ ಅತಿಥಿಗಳನ್ನು ಕರೆದೊಯ್ದು ಉದ್ಯಾನ ತೋರಿಸಿದರು. ಅದೇ ತಿಂಗಳು 72 ತುಂಬಿದ ತಂದೆ, 44 ತುಂಬುವ ಮಗಳು. ದೊಡ್ಡವರೂ ಮಕ್ಕಳೂ ಕೂಡಿ ಆಡಬೇಕೆಂಬ ಉದ್ಯಾನಕ್ಕೆ ಇದಕ್ಕಿಂತ ಒಪ್ಪುವ ಅತಿಥಿಗಳು ದೊರೆತಿರಲಾರರು.

ಅನಹೈಮಿನಲ್ಲಿ ಡಿಸ್ನಿಯವರಿಗೆ ಒಂದು ಕೊರಗು ಉಳಿದಿತ್ತು. ಸುತ್ತಲ ಜಮೀನು ಕೊಳ್ಳಲು ಆಗ ಹಣವಿರಲಿಲ್ಲ. ಬೇಲಿಯ ಹೊರಗೆ ಅಗ್ಗದ ಮೊಟೆಲುಗಳೂ ನಿಯಾನ್ ಫಲಕಗಳೂ ಎದ್ದು ನಿಂತು, ಅವರು ತಂದ ಜನರಿಂದ ಅವರಿಗಿಂತ ಹೆಚ್ಚು ಗಳಿಸಿದವು. ಎರಡನೆಯ ಬಾರಿ ಹಾಗಾಗಬಾರದೆಂದು ನಿಶ್ಚಯಿಸಿ ಫ್ಲಾರಿಡಾದ ಜೌಗುನೆಲದತ್ತ ಕಣ್ಣು ಹಾಯಿಸಿದರು. 1963ರ ನವೆಂಬರ್ 22ರಂದು ವಿಮಾನದಿಂದ ಒರ್ಲ್ಯಾಂಡೊ ಸುತ್ತಲ ಭೂಮಿಯನ್ನು ನೋಡಿ ಇಳಿದಾಗ ಅವರಿಗೆ ತಿಳಿದದ್ದು ಅಧ್ಯಕ್ಷ ಕೆನಡಿಯವರ ಹತ್ಯೆಯ ಸುದ್ದಿ. ಬಳಿಕ ನಾನಾ ಹೆಸರಿನ ಹುಸಿ ಕಂಪನಿಗಳ ಮೂಲಕ ಗುಟ್ಟಾಗಿ 27 ಸಾವಿರ ಎಕರೆಗೂ ಮಿಕ್ಕಿ ನೆಲ ಖರೀದಿಯಾಯಿತು. ಸರಾಸರಿ ಬೆಲೆ ಎಕರೆಗೆ ಇನ್ನೂರು ಡಾಲರಿನೊಳಗೆ. ಕೊಳ್ಳುತ್ತಿರುವವರು ವಿಮಾನ ಕಂಪನಿಯವರೆಂದೂ ಮೋಟಾರು ತಯಾರಕರೆಂದೂ ಊರೆಲ್ಲ ಗುಸುಗುಸು. 1965ರ ಅಕ್ಟೋಬರಿನಲ್ಲಿ ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆಯ ಎಮಿಲಿ ಬವಾರ್ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಯವರನ್ನೇ ನೇರವಾಗಿ ಕೇಳಿದರು. ಅವರು ಇಲ್ಲವೆಂದರೂ, ಫ್ಲಾರಿಡಾದ ಹವೆ, ಮಳೆಗಳ ಬಗ್ಗೆ ಅವರಿಗಿದ್ದ ಅತಿಯಾದ ತಿಳಿವಳಿಕೆ ಗುಟ್ಟು ಬಿಟ್ಟುಕೊಟ್ಟಿತು. ಆಕೆಯ ವರದಿ ಅಚ್ಚಾದ ಮೇಲೆ ಮುಚ್ಚಿಡಲು ಏನೂ ಉಳಿಯದೆ, ನವೆಂಬರ್ 15ರಂದು ರಾಜ್ಯಪಾಲರ ಸಮಕ್ಷಮದಲ್ಲಿ ಯೋಜನೆಯನ್ನು ಪ್ರಕಟಿಸಬೇಕಾಯಿತು.

ಅಲ್ಲಿ ಅವರ ಮುಖ್ಯ ಆಸೆ ಇನ್ನೊಂದು ಉದ್ಯಾನವಲ್ಲ, ಎಪ್ಕಾಟ್ ಎಂಬ ನಗರ. ಇಪ್ಪತ್ತು ಸಾವಿರ ಜನ ವಾಸಿಸುವ, ವಾಹನಗಳೆಲ್ಲ ನೆಲದಡಿ ಓಡಾಡುವ, ದಟ್ಟಣೆಯೂ ಕೊಳೆಗೇರಿಯೂ ಇಲ್ಲದ ನಾಳೆಯ ಊರು. 1966ರ ಅಕ್ಟೋಬರ್ 27ರಂದು ಗೋಡೆಯೆತ್ತರದ ನಕ್ಷೆಯ ಮುಂದೆ ನಿಂತು ಅದನ್ನು ವಿವರಿಸುವ ಚಿತ್ರದಲ್ಲಿ ಪಾಲ್ಗೊಂಡರು. ಎಷ್ಟೋ ವರ್ಷಗಳಿಂದ ಬಿಡದೆ ಸಿಗರೇಟು ಸೇದುತ್ತಿದ್ದ ಅವರಿಗೆ ಮುಂದಿನ ತಿಂಗಳು ಶ್ವಾಸಕೋಶದ ಕ್ಯಾನ್ಸರ್ ಇರುವುದು ತಿಳಿಯಿತು. ಎಡ ಶ್ವಾಸಕೋಶವನ್ನು ತೆಗೆಯಲಾಯಿತು. ಕೊನೆಯ ಸಂಜೆ ಅಣ್ಣ ರಾಯ್ ಪಕ್ಕದಲ್ಲಿ ಕುಳಿತಿರಲು, ಆಸ್ಪತ್ರೆಯ ಚಾವಣಿಯ ಚೌಕಗಳನ್ನೇ ನಕ್ಷೆಯಾಗಿಸಿ ಫ್ಲಾರಿಡಾದ ರಸ್ತೆಗಳನ್ನು ಬೆರಳಲ್ಲಿ ತೋರಿಸಿದರೆಂದು ರಾಯ್ ಕುಟುಂಬದವರು ನೆನೆದಿದ್ದಾರೆ. 1966ರ ಡಿಸೆಂಬರ್ 15ರಂದು, 65 ತುಂಬಿದ ಹತ್ತೇ ದಿನಗಳಲ್ಲಿ, ಸ್ಟುಡಿಯೋ ಎದುರಿನ ಸೇಂಟ್ ಜೋಸೆಫ್ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ಹಿಮದಲ್ಲಿ ಕಾದಿಡಲಾಗಿದೆಯೆಂಬ ವದಂತಿ ಇಂದಿಗೂ ಅಂತರ್ಜಾಲದಲ್ಲಿ ಸುತ್ತುತ್ತಿರುತ್ತದೆ. ಅದು ಶುದ್ಧ ಸುಳ್ಳು. ದೇಹವನ್ನು ದಹಿಸಲಾಯಿತು, ಚಿತಾಭಸ್ಮ ಗ್ಲೆಂಡೇಲಿನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿದೆ.

73 ದಾಟಿ ನಿವೃತ್ತಿಗೆ ಸಿದ್ಧರಾಗಿದ್ದ ರಾಯ್, ತಮ್ಮನ ಕೆಲಸ ಮುಗಿಸಲೆಂದು ಹಿಂದುಳಿದರು. ನಗರ ಕಟ್ಟುವುದು ತಮ್ಮಿಂದಾಗದೆಂದು ಅರಿತು ಉದ್ಯಾನವನ್ನಷ್ಟೇ ಕಟ್ಟಿಸಿದರು. ಎಪ್ಕಾಟ್ ಹೆಸರಿನಲ್ಲಿ 1982ರಲ್ಲಿ ತೆರೆದದ್ದೂ ಊರಲ್ಲ, ಮತ್ತೊಂದು ಉದ್ಯಾನವೇ. ಫ್ಲಾರಿಡಾದ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಡಿಸ್ನಿ ವರ್ಲ್ಡ್ ಎಂದಷ್ಟೇ ಇದ್ದ ಹೆಸರಿಗೆ ರಾಯ್ ಹಟ ಹಿಡಿದು ವಾಲ್ಟ್ ಎಂಬುದನ್ನು ಸೇರಿಸಿದ್ದರು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು ರಾಯ್ ಕೂಡ ತೀರಿಕೊಂಡರು.